ಮೊಣಕೈ ತಿರುವಿನ ಗೂಟಗಳು

ಆ ಬೆಳಗ್ಗೆ ಹಿಮ ಬೀಳುವುದು ನಿಂತಿತ್ತು. ಆದರೆ ಆಕಾಶ ಇನ್ನೂ ಮೇಲಕ್ಕೆ ಹೋಗಿರಲಿಲ್ಲ. ಬೂದಿ ಬಣ್ಣದ ಮೋಡ ಮನೆಗಳ ಕಲ್ಲುಚಪ್ಪಡಿಯ ಮಾಡಿನ ಮೇಲೆ ಹೊಟ್ಟೆ ಊರಿಕೊಂಡು ಮಲಗಿತ್ತು. ಗಾಳಿಯ ಸುಳಿವಿಲ್ಲ. ಒಲೆಯ ಹೊಗೆ ಮೇಲೇಳಲಾರದೆ ಅಂಗಳದಲ್ಲೇ ಸುತ್ತುತ್ತಿತ್ತು. ಇಂಥ ದಿನ ಹಳ್ಳದ ಆಚೆ ದಡದಲ್ಲಿ ಯಾರಾದರೂ ಕೆಮ್ಮಿದರೆ ಈಚೆಗೆ ಕೇಳಿಸುತ್ತದೆ. ಕೆಳಗಿನ ರೋಮಿನ ಠಾಣೆಯಿಂದ ಕುದುರೆಗಳು ಹತ್ತಿ ಬರುತ್ತಿರುವುದು ಹಾಗಾಗಿ ಅವು ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ವಿಂದೋನಿಗೆ ತಿಳಿಯಿತು.

ವಿಂದೋ ಬಾಗಿಲ ಮುಂದೆ ಕೂತು ಕೊಡತಿಯ ಹಿಡಿಗೆ ಆಡಿನ ಕೊಬ್ಬು ಸವರುತ್ತಿದ್ದ. ಆ ವರ್ಷದ ಗೂಟ ನೆಡುವ ಕೆಲಸ ಹಿಂದಿನ ದಿನವಷ್ಟೇ ಮುಗಿದಿತ್ತು. ಅಂಗೈಯ ಬೊಬ್ಬೆಗಳು ಇನ್ನೂ ಹಸಿಯಾಗಿದ್ದವು.

ಅಮ್ಮನ ಬೆಟ್ಟವನ್ನು ದಾಟುವ ಆ ದಾರಿಯಲ್ಲಿ ಬೇಸಿಗೆಯಲ್ಲಿ ಯಾರು ಬೇಕಾದರೂ ನಡೆಯಬಹುದು. ಹಿಮ ಬಿದ್ದ ಮೇಲೆ ಹಾಗಲ್ಲ. ರೋಮಿನವರು ಹಾಸಿದ ಕಲ್ಲು ಎಲ್ಲಿ, ಕಮರಿ ಎಲ್ಲಿ ಎಂದು ಹದ್ದಿಗೂ ಗೊತ್ತಾಗುವುದಿಲ್ಲ. ಕಮರಿಯ ಬಾಯಿಗೆ ಹಿಮ ಅಡ್ಡಲಾಗಿ ಕಟ್ಟಿಕೊಂಡು ಗಟ್ಟಿ ನೆಲದ ಹಾಗೆ ಕಾಣುತ್ತದೆ. ಕಾಲಿಟ್ಟವನನ್ನು ಸದ್ದಿಲ್ಲದೆ ನುಂಗುತ್ತದೆ. ಅದಕ್ಕೇ ಮೊದಲ ದಪ್ಪ ಹಿಮ ಬಿದ್ದ ಕೂಡಲೇ ಬೆಟ್ಟದವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಾಲಾಗಿ ಹತ್ತುತ್ತಾರೆ. ದಾರಿಯ ಅಂಚಿಗೆ ಆಳೆತ್ತರದ ದೇವದಾರು ಗೂಟ ನೆಟ್ಟು, ತುದಿಗೆ ಒಣಹುಲ್ಲಿನ ಜುಟ್ಟು ಕಟ್ಟಿ ಬರುತ್ತಾರೆ. ಗೂಟದಿಂದ ಗೂಟಕ್ಕೆ ಕಣ್ಣು ನೆಟ್ಟು ನಡೆದರೆ ಕುರುಡು ಮಂಜಿನಲ್ಲೂ ಮನೆ ಸೇರಬಹುದು. ಈಚೆ ಊರಿನಿಂದ ನೆತ್ತಿಯ ಮೇಲಿನ ಅಮ್ಮನ ಕಲ್ಲಿನವರೆಗೆ ವಿಂದೋನ ಮನೆತನದ ಪಾಲು. ಅಲ್ಲಿಂದ ಆಚೆ, ಬ್ರಿಗಾಂಟಿಯೊ ಊರಿನ ಕಡೆಗೆ ಇಳಿಯುವ ದಾರಿ ಕಾಮುಲನ ಪಾಲು.

ಈ ಗೂಟದ ಸೇವೆ ಯಾವಾಗ ಶುರುವಾಯಿತು ಎಂದು ಕೇಳಿದರೆ ಊರಿನ ಹಿರಿಯರು ಕೊತ್ತಿಯ ಎಂಬ ಹೆಸರಿನ ಬೆಟ್ಟದ ರಾಜನ ಕಾಲಕ್ಕೆ ಹೋಗುತ್ತಿದ್ದರು. ಅದಕ್ಕೂ ಮುಂಚೆ ತಮ್ಮ ಪೂರ್ವಿಕರು ಬೆಟ್ಟ ದಾಟುವವರನ್ನು ದೋಚಿಯೇ ಬದುಕುತ್ತಿದ್ದರೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿರಲಿಲ್ಲ. ಸುತ್ತಲಿನ ಬೆಟ್ಟಗಳವರು ರೋಮಿನ ಮೇಲೆ ಕತ್ತಿ ಎತ್ತಿ ನಿರ್ನಾಮವಾದಾಗ ಕೊತ್ತಿಯ ರಾಜ ಕತ್ತಿ ಎತ್ತಲಿಲ್ಲ. ಚಕ್ರವರ್ತಿಯ ಕೈ ಹಿಡಿದ, ದಾರಿ ಕಡಿಸಿದ, ಸೆಗೂಸಿಯೊ ಪಟ್ಟಣದಲ್ಲಿ ಕಲ್ಲಿನ ಕಮಾನು ಕಟ್ಟಿಸಿದ. ಕೋಟೆಗೋಡೆಯ ಪಕ್ಕ ಅವನ ಸಮಾಧಿ ಇದೆ. ಅದರ ಮೇಲೆ ಕೈಯಿಟ್ಟು ಈ ಊರಿನವರು ಆಣೆ ಮಾಡಿದರಂತೆ: ನಮ್ಮ ಪಾಲಿನ ದಾರಿಯಲ್ಲಿ ಯಾರನ್ನೂ ದಾರಿ ತಪ್ಪಲು ಬಿಡುವುದಿಲ್ಲ ಎಂದು. ಅದಕ್ಕೆ ಬದಲಾಗಿ ರೋಮಿನವರು ಈ ಮನೆಗಳ ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆಯುವುದಿಲ್ಲ ಎಂದು ಮಾತಾಯಿತಂತೆ. ಆಮೇಲೆ ರಾಜನ ವಂಶ ಮುಗಿಯಿತು, ಚಕ್ರವರ್ತಿಗಳು ಬಂದರು ಹೋದರು, ದೇವರೂ ಬದಲಾದ. ನೆತ್ತಿಯ ಅಮ್ಮನ ಕಲ್ಲಿನ ಮೇಲೆ ಯಾರೋ ಶಿಲುಬೆ ಕೆತ್ತಿದರು. ಗೂಟ ಮಾತ್ರ ವರ್ಷ ವರ್ಷವೂ ಅದೇ ಜಾಗದಲ್ಲಿ ನಿಂತಿತು. ಪ್ರತಿ ಗೂಟಕ್ಕೆ ಕೊನೆಯ ಏಟು ಹಾಕುವಾಗ ನೆಡುವವನು ಒಂದು ಮಾತು ಹೇಳಬೇಕು: ಹೋಗುವವರು ತಲುಪಲಿ, ಬರುವವರು ತಲುಪಲಿ. ವಿಂದೋನ ಅಜ್ಜ ಅದನ್ನು ಬೆಟ್ಟದ ಅಮ್ಮನಿಗೆ ಹೇಳುತ್ತಿದ್ದ. ವಿಂದೋ ಕ್ರಿಸ್ತನಿಗೆ ಹೇಳುತ್ತಿದ್ದ. ಹೇಳುವ ಮಾತು ಅದೇ.

ಹಿಂದಿನ ದಿನ ನೆತ್ತಿಯ ಮೇಲೆ ಎರಡು ಕಡೆಯ ಸಾಲುಗಳೂ ಕೂಡಿದಾಗ ಕಾಮುಲ ಬಲಗಾಲನ್ನು ಸ್ವಲ್ಪ ಎಳೆಯುತ್ತ ಬಂದು ಎಂದಿನಂತೆ ಕಲ್ಲಿಗೆ ಒರಗಿ ಕೆಳಗೆ ನೋಡಿ ನಕ್ಕಿದ್ದ. "ಏನ್ ಭಾವ, ನಿನ್ನ ಗೂಟಗಳೆಲ್ಲ ಮದುವೆ ಊಟಕ್ಕೆ ಹೋಗಿ ಕುಡಿದು ಬಂದಂಗೆ ನಿಂತಿವೆಯಲ್ಲ?" ಎಂದಿದ್ದ. ರಕ್ತಸಂಬಂಧವೇನೂ ಇರಲಿಲ್ಲ. ಎರಡು ಕಡೆಯ ಊರುಗಳೂ ಹೆಣ್ಣು ಕೊಟ್ಟು ತರುವ ಊರುಗಳಾದ್ದರಿಂದ ಇಬ್ಬರೂ ಚಿಕ್ಕಂದಿನಿಂದ ಒಬ್ಬರಿಗೊಬ್ಬರು ಭಾವ ಎನ್ನುತ್ತಿದ್ದರು. ಒಂದೇ ರೊಟ್ಟಿ ಮುರಿದು, ಒಣಗಿದ ಗಿಣ್ಣು ಹಂಚಿಕೊಂಡು ತಿಂದು ಇಬ್ಬರೂ ತಮ್ಮ ತಮ್ಮ ಕಡೆಗೆ ಇಳಿದಿದ್ದರು.

ಕುದುರೆಗಳು ಅಂಗಳಕ್ಕೆ ಬಂದವು. ಠಾಣೆಯ ಅಧಿಕಾರಿ ಗೌದೆನ್ಸಿಯ ಇಳಿದ. ಅವನು ಕೆಟ್ಟ ಮನುಷ್ಯನಲ್ಲ. ಮೂರನೆಯ ಚಳಿಗಾಲಕ್ಕೇ ಕೀಲು ನೋವು ಹತ್ತಿ, ಬೆಚ್ಚಗಿನ ಊರಿಗೆ ಯಾವಾಗ ಕಳಿಸುತ್ತಾರೋ ಎಂದು ಕಾಯುತ್ತಿದ್ದವನು. ಊರಿನವರನ್ನೆಲ್ಲ ಸೇರಿಸಿ ವಿಷಯ ಹೇಳಿದ. ಇಬ್ಬರು ಚಕ್ರವರ್ತಿಗಳಿಗೆ ಜಗಳ ಹತ್ತಿದೆ. ಪಶ್ಚಿಮದವನ ಸೈನ್ಯ ಈ ಬೆಟ್ಟ ದಾಟಿ ಇಟಲಿಗೆ ಇಳಿಯಲಿದೆ. ಅದನ್ನು ಇಲ್ಲೇ ತಡೆಯಬೇಕು.

ಹಿಂದಿನ ಸಾಲಿನಲ್ಲಿದ್ದ ಮುದುಕನೊಬ್ಬ, ಹೋದ ಚಕ್ರವರ್ತಿಗೂ ನಮ್ಮೂರು ಎಲ್ಲಿದೆ ಅಂತ ಗೊತ್ತಿರಲಿಲ್ಲ, ಈಗಿನವರಿಗೂ ಗೊತ್ತಿಲ್ಲ, ಹೊಡೆದಾಡೋದಕ್ಕೆ ಮಾತ್ರ ನಮ್ಮ ಬಾಗಿಲೇ ಬೇಕು ಎಂದು ಗೊಣಗಿದ. ಯಾರೂ ನಗಲಿಲ್ಲ.

ವಿಂದೋ ತಲೆಯ ಮೇಲಿನ ಟೋಪಿ ತೆಗೆದು ನಿಂತ. "ಗೂಟ ಕೀಳ್ತೀವಿ ಸ್ವಾಮಿ," ಎಂದ. "ಇವತ್ತೇ ಹತ್ತಿ ಒಂದೂ ಬಿಡದಂಗೆ ಕೀಳ್ತೀವಿ."

"ಕಿತ್ತರೆ ಅವರು ನಿಂತ್ಕೋತಾರೆ," ಎಂದ ಗೌದೆನ್ಸಿಯ. "ಯೋಚನೆ ಮಾಡ್ತಾರೆ. ನಿನ್ನಂಥವನೊಬ್ಬನ ಕುತ್ತಿಗೆಗೆ ಹಗ್ಗ ಹಾಕಿ ಮುಂದೆ ನಡೆಸ್ತಾರೆ. ಗೂಟ ಇದ್ದರೆ ಯೋಚನೇನೇ ಮಾಡಲ್ಲ. ಮೊಣಕೈ ಹತ್ತಿರ ಸಾಲು ತಿರುಗಿಸಿ."

ನೆತ್ತಿಯಿಂದ ಇಳಿದು ಬರುವಾಗ ಒಂದು ಕಡೆ ದಾರಿ ಕರಿಬಂಡೆಗೆ ಒತ್ತಿಕೊಂಡು ಥಟ್ಟನೆ ಎಡಕ್ಕೆ ತಿರುಗುತ್ತದೆ. ಅದನ್ನೇ ಮೊಣಕೈ ಎನ್ನುವುದು. ತಿರುಗದೆ ನೇರ ಹೋದರೆ ಕಮರಿ. ಅಲ್ಲಿ ಗೂಟಗಳು ನೇರಕ್ಕೆ ಹೋಗಬೇಕು ಎಂದು ಅಧಿಕಾರಿ ಹೇಳುತ್ತಿದ್ದಾನೆಂದು ಅರ್ಥವಾಗಲು ಜನಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಸುಳ್ಳು ಗೂಟ ನೆಡುವುದು ತನ್ನ ಕೈಲಾಗುವುದಿಲ್ಲ ಎಂದು ವಿಂದೋ ಮೆಲ್ಲಗೆ ಹೇಳಿದ. ನಮ್ಮವರೇ ಯಾರಾದರೂ ಆ ಕಡೆಯಿಂದ ಬಂದರೆ ಗತಿಯೇನು ಎಂದು ಕೇಳಿದ. ಯುದ್ಧ ಬರುತ್ತಿದೆ ಎಂದು ತಿಳಿದೂ ಯಾವ ಹುಚ್ಚ ಬೆಟ್ಟ ಹತ್ತುತ್ತಾನೆ ಎಂದ ಅಧಿಕಾರಿ. ಹಾಗಾದರೆ ಕಾಮುಲನಿಗೊಬ್ಬನಿಗಾದರೂ ಹೇಳಿ ಕಳಿಸುತ್ತೇನೆ ಎಂದ ವಿಂದೋ. ಅದೂ ಆಗುವುದಿಲ್ಲ, ಸೈನ್ಯ ಬರುವುದೇ ಕಾಮುಲನ ಊರಿನ ಮೇಲೆ, ಅವನ ಬಾಯಿಂದ ಮಾತು ಹೊರಟರೆ ಎಲ್ಲ ಹಾಳು ಎಂದು ಅಧಿಕಾರಿ ತಲೆಯಾಡಿಸಿದ. ಆಮೇಲೆ ಅವನ ಕಣ್ಣು ಕೊಟ್ಟಿಗೆಯ ಹತ್ತಿರ ಸೌದೆ ಸೀಳುತ್ತಿದ್ದ ವಿಂದೋನ ಮಗ ಸೆನೊನ ಮೇಲೆ ನಿಂತಿತು. ಸೆನೊನಿಗೆ ಆ ಸುಗ್ಗಿಯಲ್ಲಿ ಮದುವೆಯಾಗಿತ್ತು.

"ಮಕ್ಕಳನ್ನ ಸೈನ್ಯಕ್ಕೆ ಕೊಡದೇ ಇರೋ ಹಕ್ಕು ನಿಮಗೆ ಬಂದಿದ್ದು ದಾರಿ ಕಾಯೋದಕ್ಕೆ," ಎಂದ ಗೌದೆನ್ಸಿಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಈಗ ದಾರಿ ಕಾಯೋದು ಅಂದರೆ ಇದು."

ಊರಿನ ಪಾದ್ರಿ ಉರ್ಸಿನ ವಿಂದೋನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದ. ಪಾಪ ಅಪ್ಪಣೆ ಕೊಟ್ಟವನ ತಲೆಗೆ, ಅಪ್ಪಣೆ ಪಾಲಿಸಿದವನಿಗಲ್ಲ ಎಂದ. ವಿಂದೋ ದೇವರಿಗೆ ಹೆದರಿ ನಡೆಯುವವನು, ಪಾದ್ರಿಯ ಮಾತಿಗೆ ಎಂದೂ ಎದುರಾಡಿದವನಲ್ಲ. ಆದರೂ ಹಗ್ಗ ಹೊತ್ತು ಹತ್ತುವಾಗ ಆ ಮಾತು ಅವನ ಕಾಲಿಗೆ ಯಾವ ಬಲವನ್ನೂ ಕೊಡಲಿಲ್ಲ. ಮೊಣಕೈಯಲ್ಲಿ ಅಪ್ಪ ಮಗ ಸೇರಿ ಎಡಕ್ಕೆ ತಿರುಗಿದ್ದ ಗೂಟಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕಿತ್ತರು. ಹಗ್ಗದ ತುದಿಯನ್ನು ಬಂಡೆಗೆ ಬಿಗಿದು, ಕಮರಿಯ ಮೇಲೆ ಕಟ್ಟಿದ ಹಿಮದ ಅಂಚಿನವರೆಗೂ ತೆವಳಿಕೊಂಡು ಹೋಗಿ, ನೇರಕ್ಕೆ ನೆಟ್ಟರು. ಮೊದಲ ಗೂಟಕ್ಕೆ ಕೊನೆಯ ಏಟು ಹಾಕುವಾಗ ವಿಂದೋನ ತುಟಿ ರೂಢಿಯಂತೆ ತೆರೆಯಿತು. ತಲುಪಲಿ ಎನ್ನುವ ಮಾತನ್ನು ಅವನು ಹೇಳಲಿಲ್ಲ. ಉಳಿದ ಗೂಟಗಳನ್ನು ಅವನು ಬಾಯಿ ಬಿಗಿಹಿಡಿದು ನೆಟ್ಟ. ಹುಲ್ಲಿನ ಜುಟ್ಟು ಕಟ್ಟಿದ ಮೇಲೆ ನೋಡಿದರೆ ಅವು ಉಳಿದವುಗಳಿಗಿಂತ ನೆಟ್ಟಗೆ ನಿಂತಿದ್ದವು.

ಸೈನ್ಯ ಬರಲಿಲ್ಲ. ದಿನಗಳು ಕಳೆದವು. ವಿಂದೋನಿಗೆ ಊಟ ಸೇರುತ್ತಿರಲಿಲ್ಲ. ಅವನ ಹೆಂಡತಿ ಎನಿಕಾ ಬಾರ್ಲಿ ಗಂಜಿಯನ್ನು ಒಲೆಯ ಪಕ್ಕ ಇಟ್ಟು, ಆರಿದ್ದನ್ನು ಮತ್ತೆ ಬಿಸಿ ಮಾಡಿ, ಕೊನೆಗೆ ಹಂದಿಗೆ ಸುರಿಯುತ್ತಿದ್ದಳು. ಒಂದು ದಿನ ಮೋಡ ಹರಿದು ಬೆಟ್ಟವೆಲ್ಲ ಬಿಸಿಲಿಗೆ ಹೊಳೆಯಿತು. ಆ ಮಧ್ಯಾಹ್ನ ಕೆಳಗಿನಿಂದ ಹೇಸರಗತ್ತೆ ಹೊಡೆದುಕೊಂಡು ಬಂದ ಉಪ್ಪಿನವನು ಸುದ್ದಿ ತಂದ: ಪಶ್ಚಿಮದ ಸೈನ್ಯ ದಕ್ಷಿಣದ ದಾರಿ ಹಿಡಿದು ಸಮುದ್ರದ ಕಡೆಗೆ ಹೋಯಿತಂತೆ. ಅಮ್ಮನ ಬೆಟ್ಟದ ಗೊಡವೆ ಯಾರಿಗೂ ಬೇಡವಂತೆ.

ಸೆನೊ ಆಗಲೇ ಹಗ್ಗ ಎತ್ತಿಕೊಂಡ. "ಬಾ ಅಪ್ಪಾ, ಬೆಳಕಿರೋವಾಗಲೇ ತಿರುಗಿಸಿ ಬಂದುಬಿಡಾಣ," ಎಂದ.

ವಿಂದೋ ಎದ್ದು ನಿಂತ. ನಿಂತವನು ಮತ್ತೆ ಕೂತ. ಠಾಣೆಯಿಂದ ಮಾತು ಬರಲಿ ಎಂದ. ಉಪ್ಪಿನವನ ಬಾಯಿಮಾತು ನಂಬಿ ಗೂಟ ಮುಟ್ಟಿದರೆ, ನಾಳೆ ಸೈನ್ಯ ಬಂದೇಬಿಟ್ಟರೆ, ನಿನ್ನನ್ನು ಎಳಕೊಂಡು ಹೋಗುತ್ತಾರೆ ಎಂದ. ಠಾಣೆಗೆ ಆಳು ಕಳಿಸಿ ಕೇಳಿಸಿದ. ಆಳು ಇಳಿದು, ಅಧಿಕಾರಿಯನ್ನು ಕಂಡು, ಮರಳಿ ಹತ್ತಿ ಬರುವುದರೊಳಗೆ ಒಂದು ಹಗಲು ಹೋಯಿತು. ಗೂಟ ಮತ್ತೆ ಎಡಕ್ಕೆ ತಿರುಗಿಸಿ ಎಂದು ಅಪ್ಪಣೆ ಬಂದಾಗ ಆಕಾಶ ಮತ್ತೆ ಇಳಿದಿತ್ತು. ವಿಂದೋ ಹೊರಟೇ ಹೊರಟ. ಊರಾಚೆಯ ಕುರಿದೊಡ್ಡಿ ದಾಟುವಷ್ಟರಲ್ಲಿ ಗಾಳಿ ಅವನನ್ನು ಮೊಣಕಾಲಿನ ಮೇಲೆ ಕೆಡವಿತು. ಮಗ ಎಳೆದು ತಂದು ಮನೆಯೊಳಗೆ ಹಾಕಿದ. ಅಂದಿನಿಂದ ಕೆಲವು ದಿನ ಬೆಟ್ಟ ಎಲ್ಲಿದೆ ಎಂದು ಯಾರಿಗೂ ಕಾಣಲಿಲ್ಲ. ವಿಂದೋ ಒಲೆಯ ಮುಂದೆ ಕೂತು ಪ್ರಾರ್ಥನೆ ಮಾಡಿದ. ಯಾರೂ ಬರದಿರಲಿ ಎನ್ನುವುದೊಂದೇ ಅವನ ಪ್ರಾರ್ಥನೆ. ಬರುವವರು ತಲುಪಲಿ ಎಂದು ಬೇಡಿ ಬೆಳೆದ ಬಾಯಿಗೆ ಆ ಮಾತು ಕಹಿಯಾಗಿತ್ತು.

ಗಾಳಿ ನಿಂತ ಬೆಳಗ್ಗೆ ಅಪ್ಪ ಮಗ ಇಬ್ಬರೂ ಹತ್ತಿದರು. ದೂರದಿಂದಲೇ ಕಂಡಿತು. ಮೊಣಕೈಯ ನೇರಕ್ಕೆ, ಕೊನೆಯ ಗೂಟದ ಮುಂದೆ, ಹಿಮದಲ್ಲಿ ಒಂದು ಕಪ್ಪು ತೂತು ಬಾಯಿ ತೆರೆದಿತ್ತು. ದೊಡ್ಡದಲ್ಲ. ಒಬ್ಬ ಮನುಷ್ಯನಷ್ಟು.

ಸೆನೊ ತೂತಿನ ಕಡೆಗೆ ಹೋದ. ವಿಂದೋ ಬಂಡೆಯ ಹತ್ತಿರವೇ ನಿಂತುಬಿಟ್ಟ. ಅಲ್ಲಿ ಬಂಡೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅದರ ಅಡಿಯಲ್ಲಿ ಗಾಳಿ ಹಿಮವನ್ನು ತುಂಬಿರಲಿಲ್ಲ. ಹೆಜ್ಜೆ ಗುರುತುಗಳು ಅಚ್ಚು ಹೊಡೆದ ಹಾಗೆ ಉಳಿದಿದ್ದವು. ಅಗಲ ಪಾದ, ಬಲಗಾಲು ಸ್ವಲ್ಪ ಎಳೆದ ನಡಿಗೆ. ಯಾರದೆಂದು ಯೋಚಿಸುವ ಅಗತ್ಯವಿರಲಿಲ್ಲ. ಬಂದ ಹೆಜ್ಜೆ ಮೊಣಕೈಯಲ್ಲಿ ಎಡಕ್ಕೆ ತಿರುಗಿತ್ತು. ಎಲ್ಲಿ ತಿರುಗಬೇಕೋ ಸರಿಯಾಗಿ ಅಲ್ಲೇ, ಗೂಟವಿಲ್ಲದ ದಾರಿಗೆ. ಸ್ವಲ್ಪ ದೂರ ಹೋಗಿ ನಿಂತಿತ್ತು. ನಿಂತ ಜಾಗದಲ್ಲಿ ಹಿಮ ತುಳಿದು ತುಳಿದು ಗಟ್ಟಿಯಾಗಿತ್ತು, ಬಹಳ ಹೊತ್ತು ಯೋಚಿಸಿದವನ ಹಾಗೆ. ಆಮೇಲೆ ಹಿಂದಕ್ಕೆ ತಿರುಗಿ, ಗೂಟಗಳು ತೋರಿಸಿದ ಕಡೆಗೆ ನೇರವಾಗಿ ಹೋಗಿತ್ತು.

ವಿಂದೋ ಆ ಹೆಜ್ಜೆಗಳ ಪಕ್ಕದಲ್ಲಿ ಕೂತ. ಹೊರಗಿನವನಾಗಿದ್ದರೆ, ದಾರಿಯನ್ನೇ ಅರಿಯದ ವ್ಯಾಪಾರಿಯಾಗಿದ್ದರೆ, ಅನುಮಾನಪಟ್ಟು ಬಂಡೆಗೆ ಅಂಟಿಕೊಂಡು ಕೂತಿರುತ್ತಿದ್ದನೋ ಏನೋ. ಸೈನ್ಯದವರಾಗಿದ್ದರೆ ಕೋಲಿನಿಂದ ಚುಚ್ಚಿ ನೋಡುತ್ತಿದ್ದರೋ ಏನೋ. ಕಾಮುಲನ ಕಾಲಿಗೆ ದಾರಿ ಗೊತ್ತಿತ್ತು. ಆದರೆ ಕಣ್ಣು ಕಾಣದ ಮಂಜಿನಲ್ಲಿ ಕಾಲನ್ನು ನಂಬಬಾರದು, ಗೂಟವನ್ನೇ ನಂಬಬೇಕು ಎನ್ನುವುದು ಎರಡು ಕಡೆಯ ಗೂಟದವರೂ ಮಕ್ಕಳಿಗೆ ಮೊದಲು ಕಲಿಸುವ ಪಾಠ. ಆ ಬೆಟ್ಟದಲ್ಲಿ ಸುಳ್ಳು ಗೂಟಕ್ಕೆ ಅನುಮಾನವಿಲ್ಲದೆ ಬಲಿಯಾಗಬಲ್ಲವನು ಇನ್ನೊಬ್ಬ ಗೂಟದವನು ಮಾತ್ರ.

ಊರಿನಿಂದ ಜನ ಬಂದು ಹಗ್ಗ ಇಳಿಸಿ ಹೆಣವನ್ನು ಮೇಲೆತ್ತಿದರು. ಗೂಟಗಳನ್ನು ಅವತ್ತೇ ಎಡಕ್ಕೆ ತಿರುಗಿಸಿ ನೆಟ್ಟರು. ಕಾಮುಲನನ್ನು ಊರಿನ ಪ್ರಾರ್ಥನೆಯ ಮನೆಯ ಉತ್ತರದ ಗೋಡೆಯ ಪಕ್ಕ ಮಲಗಿಸಿದರು.

ಯಾರ ಪಾಲಿನ ದಾರಿಯಲ್ಲಿ ಜೀವ ಹೋಯಿತೋ ಅವನೇ ಹೆಣವನ್ನು ಅದರ ಮನೆಗೆ ಮುಟ್ಟಿಸಬೇಕು. ಅದು ಬೆಟ್ಟದ ಕಟ್ಟಳೆ. ಹೊದಿಸುವ ಕಂಬಳಿ ಮುಟ್ಟಿಸುವವನ ಮನೆಯದು. ಸತ್ತವನ ಮನೆಯವರು ಆ ಕಂಬಳಿಯನ್ನು ಒಗೆದು ವಾಪಸ್ ಕೊಡಬೇಕು. ಕೊಟ್ಟರೆ ಸಾವಿನ ಲೆಕ್ಕ ಮುಗಿಯಿತು, ಬೆಟ್ಟ ಕೊಂದಿತು ಎಂದು ಅರ್ಥ. ಕೊಡದೆ ಇಟ್ಟುಕೊಂಡರೆ, ಈ ಸಾವು ನಿಮ್ಮ ಮನೆಯ ಮೇಲಿದೆ ಎಂದು ಅರ್ಥ. ಅಂಥ ಎರಡು ಮನೆಗಳು ಒಂದೇ ನೀರು ಕುಡಿಯುವುದಿಲ್ಲ, ನೆತ್ತಿಯಲ್ಲಿ ಸಾಲು ಕೂಡಿಸುವುದಿಲ್ಲ.

ಎನಿಕಾ ತನ್ನ ತವರಿನಿಂದ ತಂದಿದ್ದ ಕಂದು ಕಂಬಳಿ ತೆಗೆದು ಕೊಟ್ಟಳು.  ಪಾದ್ರಿ ಉರ್ಸಿನ ಬುದ್ಧಿ ಹೇಳಿದ. ಗೂಟಗಳು ಈಗ ಸರಿಯಾಗಿವೆ, ಬಿರುಗಾಳಿ ಎಲ್ಲರಿಗೂ ಗೊತ್ತು. ದಾರಿ ತಪ್ಪಿ ಬಿದ್ದ ಎಂದರೆ ಸಾಕು, ಅದರಲ್ಲಿ ಸುಳ್ಳೇನೂ ಇಲ್ಲ ಎಂದ. ಸೆನೊನೂ ಅದನ್ನೇ ಹೇಳಿದ. "ನಿಜ ಹೇಳಿದರೆ ಎದ್ದು ಬರ್ತಾನಾ ಅಪ್ಪಾ? ಎರಡು ಊರಿಗೆ ಬೆಂಕಿ ಹತ್ತುತ್ತೆ, ಅಷ್ಟೇ."

"ಗೂಟ ಒಂದು ಸಲ ಸುಳ್ಳು ಹೇಳಿತಲ್ಲ ಮಗಾ," ಎಂದ ವಿಂದೋ. "ಈಗ ನಾನೂ ಹೇಳಲಾ?"

ಹೆಣವನ್ನು ಜಾರುಗಾಡಿಗೆ ಬಿಗಿದು ಅವನೊಬ್ಬನೇ ಎಳೆದುಕೊಂಡು ಹೊರಟ. ಜೊತೆಗೆ ಬರುತ್ತೇವೆಂದವರನ್ನು ಊರಿನ ಅಂಚಿನಲ್ಲೇ ನಿಲ್ಲಿಸಿದ. ಮೊಣಕೈಯಲ್ಲಿ ಗಾಡಿಯನ್ನು ಬಂಡೆಗೆ ಒತ್ತಿಸಿ ತಿರುಗಿಸುವಾಗ ಗೆಳೆಯನೊಡನೆ ಮಾತಾಡುವ ಹಾಗೆ, ನಿಧಾನ ಭಾವ, ಎಂದು ಬಾಯಿಂದ ಬಂತು. ನೆತ್ತಿಯ ಕಲ್ಲಿನ ಬಳಿ ಸ್ವಲ್ಪ ಹೊತ್ತು ಮೊಣಕಾಲೂರಿದ. ಯಾವ ಪ್ರಾರ್ಥನೆಯೂ ಹೊಳೆಯಲಿಲ್ಲ. ಆಚೆ ಕಡೆ ಇಳಿಯುವಾಗ ಕಾಮುಲ ನೆಟ್ಟ ಗೂಟಗಳೇ ಅವನನ್ನು ಕೈಹಿಡಿದು ಇಳಿಸಿದವು, ಒಂದೂ ಓರೆಯಾಗಿರಲಿಲ್ಲ.

ಕಾಮುಲನ ಹೆಂಡತಿ ಲಾವಿಯಾ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ವಿಂದೋನನ್ನು ಕಂಡು ಅಣ್ಣಾ ಎಂದು ಎದ್ದವಳು ಹಿಂದಿನ ಗಾಡಿಯನ್ನು ನೋಡಿ ಅಲ್ಲೇ ನಿಂತಳು. ಬಂದು ಕಂಬಳಿ ಸರಿಸಿ ಗಂಡನ ಮುಖ ನೋಡಿದಳು. ಗಡ್ಡಕ್ಕೆ ಅಂಟಿದ್ದ ಮಂಜುಗಡ್ಡೆಯನ್ನು ಬೆರಳಿನಿಂದ ಬಿಡಿಸಿದಳು. ಅಳಲಿಲ್ಲ. ಎಲ್ಲಿ ಎಂದು ಕೇಳಿದಳು. ಮೊಣಕೈಯಲ್ಲಿ ಎಂದ ವಿಂದೋ.

"ನೀವೆಲ್ಲ ಹೆದರಿಕೊಂಡು ಕೂತಿರ್ತೀರ, ಸೈನ್ಯ ಬರಲ್ಲ ಅಂತ ಹೇಳಿ ಬರ್ತೀನಿ ಅಂತ ಹೊರಟರು ಅಣ್ಣಾ. ಮಂಜು ಕವೀತಿದೆ, ನಾಳೆ ಹೋಗಿ ಅಂದೆ. ಕೇಳಲಿಲ್ಲ. ದಾರಿ ತಪ್ಪಿದರಾ?"

"ಅವನು ತಪ್ಪಲಿಲ್ಲ ತಾಯಿ. ನಾನು ತಪ್ಪಿಸಿದೆ."

ನಿಂತುಕೊಂಡೇ ಎಲ್ಲ ಹೇಳಿದ. ಅಧಿಕಾರಿಯ ಅಪ್ಪಣೆ ಹೇಳಿದ. ಅದಕ್ಕಿಂತ ಹೆಚ್ಚಾಗಿ, ಬಿಸಿಲು ಬಿದ್ದ ಆ ಮಧ್ಯಾಹ್ನ ಎದ್ದವನು ಮತ್ತೆ ಕೂತದ್ದನ್ನು ಹೇಳಿದ. ಮಗನ ಹೆಸರು ಹೇಳಲಿಲ್ಲ. ಅದನ್ನು ನೆಪ ಮಾಡಿಕೊಂಡ ಹಾಗಾಗುತ್ತದೆ ಎಂದು ಬಿಟ್ಟ. ಬಂಡೆಯ ಕೆಳಗಿನ ಹೆಜ್ಜೆಗಳ ವಿಷಯಕ್ಕೆ ಬಂದಾಗ ಲಾವಿಯಾ ತಲೆ ಎತ್ತಿದಳು.

"ಎಡಕ್ಕೆ ಹೋಗಿದ್ದರಾ?"

"ಹೋಗಿದ್ದ. ಗೂಟ ಕಾಣಲಿಲ್ಲ ಅಂತ ವಾಪಸ್ ಬಂದ."

ಲಾವಿಯಾ ಕಂಬಳಿಯ ಅಂಚನ್ನು ಕೈಯಲ್ಲಿ ಮುದುಡಿಕೊಂಡಳು. "ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತು ಒಂದು ದಿನವೂ ನಂಬಿದವರಲ್ಲ," ಎಂದಳು. "ನಿನ್ನ ಗೂಟ ನಂಬಿದರು."

ಆಮೇಲೆ, ಬೆಳಕಿರುವಾಗಲೇ ದಾಟು ಎಂದಳು. ಅಣ್ಣ ಎನ್ನಲಿಲ್ಲ. ನೆರೆಯವರು ಬಂದು ಹೆಣವನ್ನು ಕಂಬಳಿಯ ಸಮೇತ ಒಳಗೆ ಒಯ್ದರು. ಯಾರೂ ಅವನಿಗೆ ಬೆಂಕಿಯ ಹತ್ತಿರ ಬಾ ಎನ್ನಲಿಲ್ಲ, ಯಾರೂ ಕೈಯೆತ್ತಲೂ ಇಲ್ಲ. ಖಾಲಿ ಗಾಡಿ ಎಳೆದುಕೊಂಡು ಅವನು ಬಂದ ದಾರಿಯಲ್ಲೇ ಹತ್ತಿದ.

ಕಂಬಳಿ ಬರಲಿಲ್ಲ. ಸತ್ತ ನಲವತ್ತನೆಯ ದಿನದ ಪ್ರಾರ್ಥನೆಗೆ ಬರಬಹುದು ಎಂದುಕೊಂಡರು. ಈಸ್ಟರ್ ಹಬ್ಬಕ್ಕೆ ಬರಬಹುದು ಎಂದುಕೊಂಡರು. ಹಿಮ ಕರಗಿ ಹಳ್ಳಗಳು ಬೋರ್ಗರೆದವು, ಗೂಟ ಕಿತ್ತು ಒಣಗಿಸುವ ಕಾಲ ಬಂತು. ನೆತ್ತಿಯಲ್ಲಿ ವಿಂದೋ ಒಬ್ಬನೇ ನಿಂತು ಬಂದ. ಆಚೆಯ ಗೂಟಗಳನ್ನು ಯಾರೋ ಅವನಿಗಿಂತ ಮುಂಚೆಯೇ ಕಿತ್ತು ಒಯ್ದಿದ್ದರು. ಎರಡೂ ಊರುಗಳ ನಡುವೆ ಬೇಸಿಗೆಯಲ್ಲಿ ಆಗಬೇಕಿದ್ದ ಎರಡು ಮದುವೆಗಳು ಮುರಿದುಬಿದ್ದವು. ಊರಿನವರ ಸಿಟ್ಟು ಅಧಿಕಾರಿಯ ಮೇಲೆ ಹೋಗಲಿಲ್ಲ. ಗೌದೆನ್ಸಿಯನಿಗೆ ಅಷ್ಟರಲ್ಲಿ ಬೆಚ್ಚಗಿನ ಊರು ಸಿಕ್ಕಿತ್ತು. ಸಿಟ್ಟು ವಿಂದೋನ ಮೇಲೆ ತಿರುಗಿತು. ಬಾವಿಯ ಹತ್ತಿರ ಹೆಂಗಸರು ಎನಿಕಾಳಿಗೆ ಕೇಳುವಂತೆ, ಕೆಲವರಿಗೆ ಪುಣ್ಯ ಸಂಪಾದನೆಯ ಹುಚ್ಚು, ಅದರ ಖರ್ಚು ಮಾತ್ರ ಪಕ್ಕದ ಮನೆಯ ಹುಡುಗಿಯದು ಎನ್ನುತ್ತಿದ್ದರು. ಎನಿಕಾ ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಒಮ್ಮೆ ಮಾತ್ರ ಗಂಡನ ಮುಂದೆ ಕೊಡವನ್ನು ಜೋರಾಗಿ ಕುಕ್ಕಿ ಇಟ್ಟಳು.

"ನೀನೂ ಹಂಗೇ ಅಂತೀಯಾ?" ಎಂದು ಅವನು ಕೇಳಿದ.

"ನಾನೇನೂ ಅನ್ನಲ್ಲ. ನನ್ನ ಕಂಬಳಿ ಹೋಯ್ತು ಅನ್ನೋದೊಂದೇ ನಾನು ಅನ್ನೋದು," ಎಂದಳು. ಅಂದವಳು ಅವನ ಪಕ್ಕದಲ್ಲೇ ಕೂತು ಹೊದಿಕೆಯ ಅಂಚಿನಲ್ಲಿ ಮುಖ ಒರೆಸಿಕೊಂಡಳು.

ವಿಂದೋ ಪಾದ್ರಿಯ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಭಾನುವಾರದ ಪ್ರಾರ್ಥನೆಯಲ್ಲಿ ಹಂಚುವ ಪವಿತ್ರ ರೊಟ್ಟಿಯನ್ನು ಮಾತ್ರ ಕೈಚಾಚಿ ತೆಗೆದುಕೊಳ್ಳುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡು ಬರುತ್ತಿದ್ದ. ಉರ್ಸಿನ ಕರೆದರೂ ಒಳಗೆ ಹೋಗಲಿಲ್ಲ. ದೇವರು ತನ್ನನ್ನು ಕೈಬಿಟ್ಟ ಎಂದು ಅವನಿಗೆ ಅನಿಸಿರಲಿಲ್ಲ. ಕಾಮುಲನ ಮನೆಯಿಂದ ಮಾತು ಬರುವವರೆಗೆ ಈ ಪ್ರಾರ್ಥನೆಯ ಮನೆಯೊಳಗೆ ಹೋಗುವ ಹಕ್ಕು ತನಗಿಲ್ಲ ಎಂದಷ್ಟೇ ಅವನು ತಿಳಿದಿದ್ದ.

ಬೇಸಿಗೆಯ ಮೇವು ಮುಗಿದು ದನಗಳು ಕೆಳಗಿಳಿದವು. ಕೆಳಗಿನ ಕಾಡಿನ ಎಲೆಗಳು ಹಳದಿಯಾಗಿ ಉದುರಿದವು. ಆ ವರ್ಷ ಮೊದಲ ದಪ್ಪ ಹಿಮ ಬೇಗ ಬಿತ್ತು. ವಿಂದೋ, ಸೆನೊ, ಇನ್ನು ನಾಲ್ಕಾರು ಮಂದಿ ಹಗ್ಗ ಕಟ್ಟಿಕೊಂಡು ನೆಡುತ್ತ ಹತ್ತಿದರು. ಕರಿಬಂಡೆಯ ಹತ್ತಿರ ಬಂದಾಗ ಉಳಿದವರು ತಾವಾಗಿಯೇ ಹಿಂದೆ ನಿಂತರು. ಮೊಣಕೈಯ ಗೂಟಗಳನ್ನು ವಿಂದೋ ಒಬ್ಬನೇ ನೆಟ್ಟ. ಪ್ರತಿ ಗೂಟವನ್ನೂ ಎರಡೆರಡು ಸಲ ಅಲ್ಲಾಡಿಸಿ ನೋಡಿದ.

ಆಚೆ ಕಡೆ ಯಾರು ನೆಡುತ್ತಾರೆ ಎನ್ನುವುದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಮುಲನಿಗೆ ಗಂಡುಮಕ್ಕಳಿರಲಿಲ್ಲ. ಸಾಲು ಕೂಡದಿದ್ದರೆ ಬೆಟ್ಟ ದಾಟುವವರು ಅರ್ಧ ದಾರಿಯಲ್ಲಿ ಬಯಲಿಗೆ ಬಿದ್ದ ಹಾಗೆ. ಆಚೆಯ ಗೂಟಗಳಿಲ್ಲದಿದ್ದರೆ ತಾನೇ ಇಳಿದು ನೆಟ್ಟು ಬರುವುದು, ಅವರು ಕಲ್ಲು ಹೊಡೆದರೆ ಹೊಡೆಸಿಕೊಳ್ಳುವುದು ಎಂದು ವಿಂದೋ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಅದಕ್ಕೆಂದು ಹೆಚ್ಚಿನ ಗೂಟಗಳನ್ನೂ ಹೊರಿಸಿಕೊಂಡು ಬಂದಿದ್ದ.

ನೆತ್ತಿಗೆ ಬಂದಾಗ ಅಮ್ಮನ ಕಲ್ಲಿನ ಪಕ್ಕ ಲಾವಿಯಾ ನಿಂತಿದ್ದಳು. ಸೊಂಟಕ್ಕೆ ಹಗ್ಗವಿತ್ತು, ಕಾಲಿಗೆ ಗಂಡನ ಬೂಟುಗಳಿದ್ದವು, ಬೆನ್ನಿಗೊಂದು ಗಂಟು. ಅವಳ ಹಿಂದೆ ಹೊಸ ಗೂಟಗಳು ಬ್ರಿಗಾಂಟಿಯೊ ಕಡೆಗೆ ಇಳಿದು ಹೋಗಿದ್ದವು. ಕೊನೆಯ ಗೂಟಕ್ಕೆ ಅವಳ ಊರಿನ ಇಬ್ಬರು ಹುಲ್ಲು ಕಟ್ಟುತ್ತಿದ್ದರು. ಅವರು ವಿಂದೋನನ್ನು ಕಂಡು ಮುಖ ತಿರುಗಿಸಿದರು.

ಲಾವಿಯಾ ತಿರುಗಿಸಲಿಲ್ಲ. "ಆ ಜಾಗ ತೋರಿಸು," ಎಂದಳು.

ಅವನು ಮುಂದೆ, ಅವಳು ಹಿಂದೆ ಇಳಿದರು. ಮೊಣಕೈಯಲ್ಲಿ ಅವನು ಕೈಯೆತ್ತಿ ನೇರಕ್ಕೆ ತೋರಿಸಿದ. ಕಮರಿಯ ಮೇಲೆ ಹಿಮ ಆಗಲೇ ಕಟ್ಟಿಕೊಂಡಿತ್ತು; ಅಲ್ಲಿ ಎಂದೂ ಏನೂ ನಡೆದಿಲ್ಲವೆಂಬಂತೆ ನುಣ್ಣಗಿತ್ತು. ಲಾವಿಯಾ ಅದನ್ನು ನೋಡುತ್ತ ನಿಂತಳು. ಆಮೇಲೆ ಬಂಡೆಯ ಅಡಿಗೆ ಹೋಗಿ, ಹೆಜ್ಜೆಗಳು ಇದ್ದ ಕಡೆ ಎಂದು ಅವನು ತೋರಿಸಿದಲ್ಲಿ ಸ್ವಲ್ಪ ಹೊತ್ತು ಕೂತಳು. ವಿಂದೋ ದೂರ ನಿಂತ. ಎದ್ದು ಬಂದವಳು ತಿರುವಿನ ಮೊದಲ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಅಲ್ಲಾಡಿಸಿದಳು. ಅದು ಅಲುಗಲಿಲ್ಲ. ಎರಡನೆಯದನ್ನು ಅಲ್ಲಾಡಿಸಿದಳು. ಎಡಕ್ಕೆ ತಿರುಗುವ ಅಷ್ಟೂ ಗೂಟಗಳನ್ನು ಅವಳು ಹಾಗೆ ನೋಡಿಕೊಂಡು ಹೋಗಿ ಮರಳಿ ಬಂದಳು.

"ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ," ಎಂದಳು. "ಹೋಗುತ್ತೆ ಅಂತಾನೂ ಅನ್ನಿಸಲ್ಲ. ಆದರೆ ನೀನು ಬಂದು ಹೇಳದೇ ಇದ್ದಿದ್ದರೆ 'ಕುಡಿದು ಬಿದ್ದ' ಅಂತಿದ್ದರು ನಮ್ಮೂರವರು. 'ದಾರಿ ಮರೆತ' ಅಂತಿದ್ದರು. ಗೂಟದವನ ಹೆಣಕ್ಕೆ ಆ ಮಾತು ಬರಲಿಲ್ಲ."

 ಗಾಳಿ ಸಣ್ಣಗೆ ಏಳುತ್ತಿತ್ತು. ಮೇಲಿನಿಂದ ಸೆನೊ, ಆಚೆಯ ಊರಿನ ಇಬ್ಬರು, ಒಬ್ಬರಿಂದೊಬ್ಬರು ದೂರ ನಿಂತು, ಕೆಳಗೆ ನೋಡುತ್ತಿದ್ದರು.

ಲಾವಿಯಾ ಬೆನ್ನಿನ ಗಂಟನ್ನು ಇಳಿಸಿ ಬಿಚ್ಚಿದಳು. ಕಂದು ಕಂಬಳಿ. ಒಗೆದು ಒಣಗಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. ಅದರ ಮೇಲೆ ಬಿದ್ದ ಹಿಮದ ಪುಡಿಯನ್ನು ಕೈಯಿಂದ ಸವರಿ ತೆಗೆದು, ಅವನ ಮುಖ ನೋಡದೆ, ಅವನ ಎರಡೂ ಕೈಗಳ ಮೇಲೆ ಇಟ್ಟಳು.